ಪ್ರಶ್ನೋತ್ತರ: ವೈಫೈ ಪೂರ್ತಿ ಇದೆ, ಆದರೂ ನನ್ನ ಮಾತು ತುಂಡಾಗುತ್ತಿದೆ

ಪ್ರಶ್ನೆ: ಸರ್, ನಮ್ಮ ಮನೆ ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯಲ್ಲಿ, ಅಡಿಕೆ ತೋಟದ ನಡುವೆ. ಫೈಬರ್ ಇನ್ನೂ ನಮ್ಮ ಕಡೆ ಬಂದಿಲ್ಲ. ಬೆಂಗಳೂರಿನ ಕಂಪನಿಯೊಂದಕ್ಕೆ ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತೇನೆ. ಫೋನಿನ ಹಾಟ್‌ಸ್ಪಾಟ್‌ನಿಂದ ಲ್ಯಾಪ್‌ಟಾಪ್‌ಗೆ ನೆಟ್ ಕೊಡುತ್ತೇನೆ. ಲ್ಯಾಪ್‌ಟಾಪ್‌ನಲ್ಲಿ ವೈಫೈ ಪೂರ್ತಿ ತೋರಿಸುತ್ತದೆ. ಆದರೂ ಮೀಟಿಂಗ್‌ನಲ್ಲಿ ನನ್ನ ಮಾತು ತುಂಡಾಗುತ್ತದೆ ಅಂತಾರೆ. ಅವರ ಮಾತು ನನಗೆ ಚೆನ್ನಾಗಿಯೇ ಕೇಳುತ್ತದೆ. ಯುಎಸ್‌ಬಿ ಕೇಬಲ್ ಹಾಕಿದರೆ ಸರಿ ಹೋಗುತ್ತದಾ? ಇಲ್ಲ ಲ್ಯಾಪ್‌ಟಾಪೇ ಬದಲಿಸಬೇಕಾ?

ಉತ್ತರ: ಲ್ಯಾಪ್‌ಟಾಪ್ ಬದಲಿಸಬೇಡಿ, ದುಡ್ಡು ದಂಡ. ಅವರದು ನಿಮಗೆ ಕೇಳುತ್ತದೆ, ನಿಮ್ಮದು ಅವರಿಗೆ ತುಂಡಾಗುತ್ತದೆ ಅಂದಿರಲ್ಲ, ಮುಖ್ಯ ಸುಳಿವು ಅದೇ.

ಹಾಟ್‌ಸ್ಪಾಟ್ ಹಾಕಿದ ಫೋನು ಎರಡು ಕಡೆ ಮಾತಾಡುತ್ತಿರುತ್ತದೆ. ಲ್ಯಾಪ್‌ಟಾಪ್ ಜೊತೆ ವೈಫೈನಲ್ಲಿ, ಟವರ್ ಜೊತೆ 4ಜಿಯಲ್ಲಿ. ಲ್ಯಾಪ್‌ಟಾಪ್ ತೋರಿಸುವ ವೈಫೈ ಕಡ್ಡಿಗಳು ಮೇಜಿನ ಮೇಲಿನ ಆ ಎರಡಡಿಯ ಲೆಕ್ಕ ಅಷ್ಟೇ. ಗುಡ್ಡದಾಚೆಯ ಟವರಿನ ಸುದ್ದಿ ಅದರಲ್ಲಿಲ್ಲ. ಟವರ್ ಹತ್ತಾರು ವಾಟ್‌ಗಳಲ್ಲಿ ಕಳಿಸುತ್ತದೆ, ಹಾಗಾಗಿ ಅಲ್ಲಿಂದ ಬರುವುದು ನಿಮಗೆ ತಲುಪುತ್ತದೆ. ಫೋನು 4ಜಿಯಲ್ಲಿ ಕಳಿಸುವುದು ಹೆಚ್ಚೆಂದರೆ 0.2 ವಾಟ್ ಆಸುಪಾಸು. ದೂರ ಜಾಸ್ತಿಯಾದಾಗ ಮೊದಲು ಸೋಲುವುದು ಈ ಹೋಗುವ ದಾರಿ. ಮೀಟಿಂಗ್ ಹೊತ್ತಿನಲ್ಲಿ ಫೋನು ಕೈಸುಡುವಷ್ಟು ಬಿಸಿಯಾಗುವುದಕ್ಕೂ ಇದು ಒಂದು ಕಾರಣ. ಟವರ್ ಮುಟ್ಟಲು ಅದು ತನ್ನ ಪೂರ್ತಿ ಶಕ್ತಿ ಹಾಕುತ್ತಿರುತ್ತದೆ.

ಆದ್ದರಿಂದ ಫೋನನ್ನು ಲ್ಯಾಪ್‌ಟಾಪ್ ಪಕ್ಕ ಇಡುವ ಅಭ್ಯಾಸ ಬಿಡಿ. ಸಿಗ್ನಲ್ ಎಲ್ಲಿದೆಯೋ ಫೋನು ಅಲ್ಲಿರಲಿ. ಅದನ್ನು ಹುಡುಕಲು ಕಡ್ಡಿ ಎಣಿಸಬೇಡಿ, ಒಂದೊಂದು ಫೋನು ಒಂದೊಂದು ಲೆಕ್ಕದಲ್ಲಿ ಕಡ್ಡಿ ತೋರಿಸುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಸಾಮಾನ್ಯವಾಗಿ ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’ ಒಳಗೆ ಸಿಮ್ ಸ್ಟೇಟಸ್‌ನಲ್ಲಿ ಸಿಗ್ನಲ್ ಸ್ಟ್ರೆಂತ್ ಡಿಬಿಎಂ (dBm, ಸಿಗ್ನಲ್ ಶಕ್ತಿಯ ಅಳತೆ) ಲೆಕ್ಕದಲ್ಲಿರುತ್ತದೆ. ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ *#*#4636#*#* ಒತ್ತಿದರೂ ಸಿಗುತ್ತದೆ. ಮೈನಸ್ 85 ಇದ್ದರೆ ಚೆನ್ನ. ಮೈನಸ್ 105 ದಾಟಿದರೆ ವಿಡಿಯೊಗೆ ಕಷ್ಟ. ಮೈನಸ್ 115 ಅಂದರೆ ಜೀವ ಹಿಡಿದುಕೊಂಡಿದೆ ಅಷ್ಟೇ. 3 ಅಂಕ ಇಳಿದರೆ, ಅಂದರೆ ಮೈನಸ್ 85 ಇದ್ದದ್ದು ಮೈನಸ್ 88 ಆದರೆ, ಸಿಗುವ ಶಕ್ತಿ ಅರ್ಧವಾಯಿತು, 10 ಅಂಕ ಇಳಿದರೆ ಹತ್ತರಲ್ಲೊಂದು ಪಾಲಾಯಿತು ಅಂತ ತಿಳಿಯಿರಿ.

ಆ ಅಂಕ ನೋಡುತ್ತ ಮನೆಯೆಲ್ಲ ಸುತ್ತಿ. ಒಂದೊಂದು ಜಾಗದಲ್ಲಿ ಅರ್ಧ ನಿಮಿಷ ನಿಲ್ಲಿ, ಅಂಕ ಬದಲಾಗಲು ಸಮಯ ಬೇಕು. ನಿಮ್ಮ ಕಡೆಯದೇ ಒಂದು ಮನೆಯಲ್ಲಿ, ದಪ್ಪ ಜಂಬಿಟ್ಟಿಗೆ ಗೋಡೆಯ ನಡುಮನೆಯಲ್ಲಿ ಮೈನಸ್ 114 ಇದ್ದದ್ದು ಅಟ್ಟದ ಕಿಟಕಿಯಲ್ಲಿ ಮೈನಸ್ 98 ಬಂದದ್ದನ್ನು ಕಣ್ಣಾರೆ ನೋಡಿದ್ದೇನೆ. ತಗಡಿನ ಮಾಡಿನ ಕೆಳಗೆ ಇಡಬೇಡಿ, ಲೋಹ ಸಿಗ್ನಲನ್ನು ತಡೆಯುತ್ತದೆ. ಒಳ್ಳೆಯ ಜಾಗ ಸಿಕ್ಕ ಮೇಲೆ ಅಲ್ಲೇ ಚಾರ್ಜರ್ ಹಾಕಿ, ಹಾಟ್‌ಸ್ಪಾಟನ್ನು 2.4 ಗಿಗಾಹರ್ಟ್ಸ್‌ಗೆ ಬದಲಿಸಿ. 5 ಗಿಗಾಹರ್ಟ್ಸ್ ವೇಗ ಹೆಚ್ಚು, ಆದರೆ ಗೋಡೆ ದಾಟುವುದರಲ್ಲಿ ಹಿಂದೆ. ನಿಮಗೆ ಬೇಕಿರುವುದು ಗೋಡೆ ದಾಟುವುದು.

ಕೇಬಲ್ ವಿಷಯ: ಯುಎಸ್‌ಬಿ ಟೆದರಿಂಗ್ (ಫೋನಿನ ನೆಟ್ಟನ್ನು ಕೇಬಲ್ ಮೂಲಕ ಕೊಡುವುದು) ಒಳ್ಳೆಯದೇ. ವೈಫೈ ಕೆಲಸ ತಪ್ಪುತ್ತದೆ, ಫೋನು ಚಾರ್ಜ್ ಕೂಡ ಆಗುತ್ತದೆ. ಆದರೆ ಟವರ್ ಕಡೆಯ ತೊಂದರೆಯನ್ನು ಕೇಬಲ್ ಸರಿಮಾಡದು. ಮಾಮೂಲಿ ಯುಎಸ್‌ಬಿ 2.0 ಕೇಬಲ್‌ನ ಮಿತಿ 5 ಮೀಟರ್. ಕಿಟಕಿ ಅಷ್ಟರೊಳಗೆ ಇದ್ದರೆ ಖಂಡಿತ ಕೇಬಲ್ಲೇ ಹಾಕಿ. ಕೊಳ್ಳುವಾಗ ಡೇಟಾ ಕೇಬಲ್ ಅಂತಲೇ ಕೇಳಿ. ಚಾರ್ಜಿಗೆ ಮಾತ್ರ ಎಂದು ಬರುವ ಅಗ್ಗದವುಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಟೆದರಿಂಗ್ ಆಯ್ಕೆ ಮಂಕಾಗಿ ಕಂಡರೆ ಮೊದಲ ಅನುಮಾನ ಕೇಬಲ್ ಮೇಲಿರಲಿ.

ಪ್ರಶ್ನೆ (ಬೇರೆ ಸದಸ್ಯರು): ನನಗೆ ಹಗಲು ಸರಿ ಇರುತ್ತದೆ, ಮಧ್ಯೆ ಯಾರಾದರೂ ಫೋನ್ ಮಾಡಿದರೆ ಮಾತ್ರ ಲ್ಯಾಪ್‌ಟಾಪ್ ನೆಟ್ ಹೋಗುತ್ತದೆ. ರಾತ್ರಿ ಏಳರ ಮೇಲೆ ಹೇಗೂ ನಿಧಾನ.

ಉತ್ತರ: ಕರೆ ಬರುತ್ತಿರುವುದು ಡೇಟಾ ಇರುವ ಸಿಮ್‌ಗೇ ಆದರೆ ವೋಲ್ಟಿ (VoLTE, 4ಜಿಯಲ್ಲೇ ಕರೆ ನಡೆಸುವ ಸೌಲಭ್ಯ) ಆಯ್ಕೆ ಆನ್ ಇದೆಯೇ ನೋಡಿ. ಅದಿಲ್ಲದಿದ್ದರೆ ಕರೆಗಾಗಿ ಫೋನು 4ಜಿ ಬಿಟ್ಟು ಹಳೆಯ ನೆಟ್‌ವರ್ಕ್‌ಗೆ ಇಳಿಯುತ್ತದೆ. ಎರಡನೇ ಸಿಮ್‌ಗೆ ಬಂದ ಕರೆಯಾದರೆ, ಬಹುತೇಕ ಫೋನ್‌ಗಳಲ್ಲಿ ಮಾತು ಮುಗಿಯುವವರೆಗೆ ಮೊದಲ ಸಿಮ್ಮಿನ ಡೇಟಾ ನಿಲ್ಲುತ್ತದೆ. ಮೀಟಿಂಗ್ ಹೊತ್ತಿಗೆ ಆ ಸಿಮ್ ಆಫ್ ಮಾಡಿಡುವುದೇ ಸುಲಭ.

ರಾತ್ರಿಯದು ಬೇರೆ ಕಥೆ. ಒಂದು ಟವರಿನ ಸಾಮರ್ಥ್ಯವನ್ನು ಊರೆಲ್ಲ ಹಂಚಿಕೊಳ್ಳಬೇಕು. ಎಲ್ಲರೂ ಊಟ ಮುಗಿಸಿ ವಿಡಿಯೊ ಹಚ್ಚುವ ಹೊತ್ತು ಅದು. ಡಿಬಿಎಂ ಅಂಕ ಹಗಲಿನಷ್ಟೇ ಇದ್ದೂ ವೇಗ ಬಿದ್ದರೆ ಜನಜಂಗುಳಿಯೇ ಕಾರಣ. ಮನೆಯಲ್ಲಿ ಇನ್ನೊಂದು ಕಂಪನಿಯ ಸಿಮ್ ಇದ್ದರೆ ಅದೇ ಹೊತ್ತಿಗೆ ಹಾಕಿ ನೋಡಿ. ಮತ್ತೆ, ದಿನದ 1.5 ಅಥವಾ 2 ಜಿಬಿ ಮುಗಿದಿದೆಯೇ ಅಂತಲೂ ನೋಡಿಕೊಳ್ಳಿ. ಮುಗಿದ ಮೇಲೆ ಹಲವು ಯೋಜನೆಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಒಂದು ಎಂಬಿ ಇಳಿಯಲು ಎರಡು ನಿಮಿಷ. ಲ್ಯಾಪ್‌ಟಾಪ್‌ಗೆ ಇದು ಫೋನಿನ ನೆಟ್ ಅಂತ ಹಲವು ಸಲ ಗೊತ್ತಿರುವುದಿಲ್ಲ, ಸಾಮಾನ್ಯ ವೈಫೈ ಅಂದುಕೊಂಡು ಅಪ್‌ಡೇಟ್ ಎಳೆಯಲು ಶುರುಮಾಡಬಹುದು. ವಿಂಡೋಸ್‌ನಲ್ಲಿ ಆ ವೈಫೈ ಹೆಸರಿನ ಪ್ರಾಪರ್ಟೀಸ್‌ಗೆ ಹೋಗಿ ‘ಮೀಟರ್ಡ್ ಕನೆಕ್ಷನ್’ (ಇದು ಮಿತಿ ಇರುವ ನೆಟ್ ಅಂತ ಲ್ಯಾಪ್‌ಟಾಪ್‌ಗೆ ತಿಳಿಸುವ ಆಯ್ಕೆ) ಆನ್ ಮಾಡಿ.

ಪ್ರಶ್ನೆ (ಮತ್ತೊಬ್ಬರು): ಕೊಯ್ಲಿನ ಸಮಯದಲ್ಲಿ ಅಡಿಕೆ ಅಂಗಳಕ್ಕೆ ಕ್ಯಾಮೆರಾ ಹಾಕುತ್ತೇವೆ. ಹಳೆಯ ಫೋನೊಂದನ್ನು ಚಾರ್ಜರ್‌ಗೆ ಸಿಕ್ಕಿಸಿ ಕಾಯಂ ಹಾಟ್‌ಸ್ಪಾಟ್ ಮಾಡಿಡಬಹುದೇ?

ಉತ್ತರ: ದಯವಿಟ್ಟು ಬೇಡ. ಲಿಥಿಯಂ ಬ್ಯಾಟರಿಗೆ ಶಾಖವೂ ಆಗದು, ದಿನಗಟ್ಟಲೆ ನೂರಕ್ಕೆ ನೂರು ಚಾರ್ಜಿನಲ್ಲಿ ಇರುವುದೂ ಆಗದು. ನಮ್ಮ ಮನೆಯಲ್ಲೇ ಹೀಗೆ ಇಟ್ಟ ಹಳೆಯ ಫೋನಿನ ಬ್ಯಾಟರಿ ಎರಡು ತಿಂಗಳಲ್ಲಿ ಉಬ್ಬಿ ಹಿಂದಿನ ಮುಚ್ಚಳ ಎದ್ದು ಬಂದಿತ್ತು. ಪಕ್ಕದಲ್ಲೇ ಬಟ್ಟೆಯ ರಾಶಿ ಇತ್ತು. ಅದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಕಾಯಂ ಕೆಲಸಕ್ಕೆ ಸಿಮ್ ಹಾಕುವ 4ಜಿ ರೂಟರ್ ತನ್ನಿ. ಹೊರಗಿನ ಆಂಟೆನಾ ಸಿಕ್ಕಿಸುವ ಜಾಗ ಇರುವುದನ್ನೇ ಆರಿಸಿ. ಆಂಟೆನಾವನ್ನು ಮಾಡಿನ ಮೇಲೆ ಟವರ್ ದಿಕ್ಕಿಗೆ ಕಟ್ಟಿದರೆ ಫೋನಿಗೆ ಸಿಗದ ಸಿಗ್ನಲ್ ಅದಕ್ಕೆ ಸಿಗುತ್ತದೆ.

ಕ್ಯಾಮೆರಾ ಕೊಳ್ಳುವ ಮುಂಚೆ ಇನ್ನೊಂದು ಮಾತು. ಮೊಬೈಲ್ ನೆಟ್‌ನಲ್ಲಿ ಸಾಮಾನ್ಯವಾಗಿ ನಿಮಗೊಬ್ಬರಿಗೇ ಅಂತ ಸಾರ್ವಜನಿಕ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಹೊರಗಿನಿಂದ ನಿಮ್ಮನ್ನು ತಲುಪುವ ವಿಳಾಸ) ಇರುವುದಿಲ್ಲ, ಬಹಳ ಗ್ರಾಹಕರು ಒಂದನ್ನೇ ಹಂಚಿಕೊಂಡಿರುತ್ತಾರೆ. ಅದಕ್ಕೇ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಕ್ಯಾಮೆರಾಗೆ ಬರಲು ರೂಟರ್‌ನಲ್ಲಿ ದಾರಿ ತೆರೆಯುವುದು) ಮಾಡಿ ಹೊರಗಿನಿಂದ ನೋಡುವ ಕ್ಯಾಮೆರಾ ನಡೆಯುವುದಿಲ್ಲ. ತಾನೇ ಕಂಪನಿಯ ಸರ್ವರ್‌ಗೆ ಸಂಪರ್ಕ ಮಾಡಿ ಆ್ಯಪ್‌ನಲ್ಲಿ ತೋರಿಸುವ ಕ್ಯಾಮೆರಾ ನಡೆಯುತ್ತದೆ.

ಮೊದಲು ಕೇಳಿದವರು: ಸರ್, ನಿನ್ನೆ ಸುತ್ತಿ ನೋಡಿದೆ. ಕೆಲಸದ ಕೋಣೆಯಲ್ಲಿ ಮೈನಸ್ 112, ಮಾಳಿಗೆಯ ಪೂರ್ವದ ಕಿಟಕಿಯಲ್ಲಿ ಮೈನಸ್ 97. ಫೋನು ಅಲ್ಲಿಟ್ಟು ಹಾಟ್‌ಸ್ಪಾಟ್ 2.4ಕ್ಕೆ ಹಾಕಿದೆ. ಇವತ್ತಿನ ಮೀಟಿಂಗ್‌ನಲ್ಲಿ ಒಮ್ಮೆಯೂ ಮಾತು ತುಂಡಾಗಲಿಲ್ಲ ಅಂದರು.

ಉತ್ತರ: ಕೇಳಿ ತುಂಬ ಖುಷಿಯಾಯಿತು. ಆ ಕಿಟಕಿಯಲ್ಲಿ ಬೆಳಗಿನ ಬಿಸಿಲು ಬೀಳುತ್ತದೆ, ಫೋನಿನ ಮೇಲೆ ನೇರ ಬಿಸಿಲು ಬೀಳದಂತೆ ಒಂದು ರಟ್ಟು ನಿಲ್ಲಿಸಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಇನ್ನೊಮ್ಮೆ ಅಂಕ ನೋಡಿ. ನೀರು ಕುಡಿದ ಸೋಗೆ, ಎಲೆಗಳು ಒಣ ಎಲೆಗಿಂತ ಹೆಚ್ಚು ಸಿಗ್ನಲ್ ನುಂಗುತ್ತವೆ, ಕಿಟಕಿಯ ಎದುರಿಗೆ ನಿಮ್ಮ ತೋಟವೇ ಇದ್ದರೆ ನಾಲ್ಕೈದು ಅಂಕ ಇಳಿಯಬಹುದು. ಮೈನಸ್ 105 ಹತ್ತಿರ ಬಂದರೆ ಬರೆಯಿರಿ, ಆಂಟೆನಾ ಯಾವ ಎತ್ತರಕ್ಕೆ ಕಟ್ಟಬೇಕು ಅಂತ ಲೆಕ್ಕ ಹಾಕೋಣ.