ತಪಸ್ಸು ಕಾಲ ಶುರುವಾದಾಗಿನಿಂದ ಮೂರನೇ ಕ್ಲಾಸಿನ ಮಕ್ಕಳು ಮಧ್ಯಾಹ್ನದ ಊಟ ಬಿಡುತ್ತಿದ್ದಾರೆ, ಏನು ಮಾಡಲಿ?

ಪ್ರಶ್ನೆ: ಕುಂಬಳೆ ಕಡೆಯ ಟೀಚರ್

ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಒಂದು ಕ್ಯಾಥೊಲಿಕ್ ಏಯ್ಡೆಡ್ (ಅನುದಾನಿತ) ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ ಮೂರನೇ ಕ್ಲಾಸಿನ ಕನ್ನಡ ಡಿವಿಜನ್ ನೋಡಿಕೊಳ್ಳುತ್ತೇನೆ. ಸೇರಿದ್ದು ಕಳೆದ ಜೂನ್‌ನಲ್ಲಿ. ನಾನು ಹಿಂದೂ ಮನೆಯವಳು. ತಪಸ್ಸು ಕಾಲ, ಅಂದರೆ ಪಾಸ್ಕ (ಈಸ್ಟರ್) ಹಬ್ಬಕ್ಕೆ ಮೊದಲು ಕ್ರೈಸ್ತರು ಉಪವಾಸ, ತ್ಯಾಗ ಮಾಡುವ ವಾರಗಳು, ಶಾಲೆಯಲ್ಲಿ ಹೇಗೆ ಶುರುವಾಗುತ್ತದೆ ಅಂತ ನೋಡಿದ್ದು ಇದೇ ಮೊದಲು.

ಬೂದಿ ಬುಧವಾರ, ಅಂದರೆ ಫೆಬ್ರವರಿ 18ರಂದು, ಕ್ರೈಸ್ತ ಮಕ್ಕಳು ಇಗರ್ಜಿಯಲ್ಲಿ ಪೂಜೆ ಮುಗಿಸಿ ಸೀದಾ ಕ್ಲಾಸಿಗೆ ಬಂದರು. ಹಣೆಯಲ್ಲಿ ಬೂದಿ. ಸೆಕೆಗೆ ಕೆಲವರದ್ದು ಮೂಗಿನ ತನಕ ಇಳಿದಿತ್ತು. ಉಳಿದ ಮಕ್ಕಳು ಏನು ಕೇಳುತ್ತಾರೋ ಅಂತ ನನಗೆ ಅಳುಕಿತ್ತು. ಒಬ್ಬ ಹುಡುಗ "ಭಾನುವಾರ ಶಿವರಾತ್ರಿಗೆ ನಾನೂ ಹಾಕಿದ್ದೆ ಟೀಚರ್" ಅಂದ. ಅಷ್ಟೇ, ಎಲ್ಲರೂ ಪುಸ್ತಕ ತೆರೆದರು.

ಕಷ್ಟ ಶುರುವಾದದ್ದು ಆಮೇಲೆ. ಗೋಡೆಯಲ್ಲಿ ಒಂದು 'ತ್ಯಾಗದ ಮರ' ಇದೆ. ಚಾರ್ಟ್ ಪೇಪರಿನ ಮರ. ಆ ದಿನ ಏನು ಬಿಟ್ಟೆ ಅಂತ ಮಕ್ಕಳು ಕಾಗದದ ಎಲೆಯಲ್ಲಿ ಬರೆದು, ಹೆಸರು ಹಾಕಿ ಅಂಟಿಸಬೇಕು. ಮೊದಲು "ಮಿಠಾಯಿ ತಿನ್ನಲಿಲ್ಲ", "ಟಿವಿ ನೋಡಲಿಲ್ಲ" ಅಂತ ಬಂತು. ಎರಡೇ ದಿನದಲ್ಲಿ ಯಾರ ಎಲೆ ಜಾಸ್ತಿ ಅಂತ ಲೆಕ್ಕ ಹಾಕತೊಡಗಿದರು. ಮಲಯಾಳ ಡಿವಿಜನ್‌ನ ಒಬ್ಬಳು ಊಟದ ಹೊತ್ತಿಗೆ "ನಮಗೆ ನೋಂಬು (ಉಪವಾಸ)" ಅಂತ ಮೊಟ್ಟೆ ಬೇಡ ಅಂದಳು. ಅದನ್ನು ನೋಡಿ ನನ್ನ ಕ್ಲಾಸಿನವರೂ ಮೊಟ್ಟೆ ಬಿಟ್ಟರು. ಈಗ ಒಬ್ಬ ಹುಡುಗ ಊಟವನ್ನೇ ಬಿಟ್ಟಿದ್ದಾನೆ. ಮೊನ್ನೆ ಕೊನೆಯ ಪೀರಿಯಡ್‌ನಲ್ಲಿ ಡೆಸ್ಕ್ ಮೇಲೆ ತಲೆಯಿಟ್ಟು ಮಲಗಿದ್ದ. ಅವನ ಅಮ್ಮನಿಗೆ ಗೊತ್ತೇ ಇಲ್ಲ. ಅದೇ ವಾರ ರಂಜಾನ್ ಕೂಡ ಶುರುವಾಗಿದೆ. ಒಬ್ಬಳು "ನಾನು ನೀರೂ ಕುಡಿಯುವುದಿಲ್ಲ, ನನ್ನದೇ ದೊಡ್ಡದು" ಅಂದಳು. ಹಿಂದೂ ಮಕ್ಕಳು "ನಮಗೆ ಎಲೆ ಇಲ್ವಾ ಟೀಚರ್?" ಅಂತ ಕೇಳುತ್ತಿದ್ದಾರೆ.

ಎಂಟು ವರ್ಷದ ಮಕ್ಕಳು ಉಪವಾಸ ಮಾಡಬೇಕು ಅಂತ ನಿಜವಾಗಿ ನಿಯಮ ಇದೆಯಾ? ಬೇರೆ ಧರ್ಮದವಳಾದ ನಾನು "ಊಟ ಮಾಡು" ಅಂತ ಒತ್ತಾಯ ಮಾಡಿದರೆ ತಪ್ಪಾಗುತ್ತದಾ? ಮರ ಹಾಕಿಸಿದ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ತುಂಬಾ ಒಳ್ಳೆಯವರು. ಅವರಿಗೆ ಬೇಸರ ಆಗಬಾರದು.

ಉತ್ತರ: ಬೇಳ ಕಡೆಯ ನಿವೃತ್ತ ಟೀಚರ್

ಟೀಚರ್, ಮೊದಲು ಆ ಹುಡುಗನಿಗೆ ಊಟ ಬಡಿಸಿ. ಪಕ್ಕದಲ್ಲಿ ಕೂತು ತಿನ್ನಿಸಿ. ಅದಕ್ಕೆ ಯಾರ ಅನುಮತಿಯೂ ಬೇಡ.

ನಾನು ಕೊಂಕಣಿ ಕ್ಯಾಥೊಲಿಕ್ ಮನೆಯವಳು. ಇಂಥದ್ದೇ ಒಂದು ಶಾಲೆಯಲ್ಲಿ ಕಲಿತು, ಇಂಥದ್ದೇ ಶಾಲೆಯಲ್ಲಿ ಕಲಿಸಿ ನಿವೃತ್ತಳಾದೆ. ಕರೆಜ್ಮ್, ಅಂದರೆ ನಮ್ಮ ಕೊಂಕಣಿಯಲ್ಲಿ ತಪಸ್ಸು ಕಾಲ, ನನಗೆ ವರ್ಷದಲ್ಲೇ ಹೆಚ್ಚು ಪ್ರೀತಿಯ ಕಾಲ. ಅದಕ್ಕೇ ಈ ಮಾತು ಹೇಳುತ್ತೇನೆ: ಮಕ್ಕಳು ಹಸಿದು ಮಲಗಬೇಕು ಅಂತ ನಮ್ಮ ಧರ್ಮಸಭೆ ಎಲ್ಲೂ ಹೇಳಿಲ್ಲ. ಮಾಂಸ ಬಿಡುವ ನಿಯಮ 14 ವರ್ಷ ತುಂಬಿದವರಿಗೆ. ಉಪವಾಸದ ನಿಯಮ 18 ತುಂಬಿದ ಮೇಲೆ, 59 ತುಂಬುವ ತನಕ. ಧರ್ಮಸಭೆಯ ಕಾನೂನಿನ 1252ನೇ ವಿಧಿಯಲ್ಲಿ ಇದು ಸ್ಪಷ್ಟವಾಗಿದೆ. ಉಪವಾಸ ಕಡ್ಡಾಯ ಇರುವ ದಿನಗಳೂ ಎರಡೇ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಆ ದಿನಗಳಲ್ಲೂ ದೊಡ್ಡವರಿಗೆ ಒಂದು ಹೊತ್ತು ಪೂರ್ತಿ ಊಟ ಇದೆ, ಉಳಿದ ಎರಡು ಹೊತ್ತು ಸ್ವಲ್ಪ ಏನಾದರೂ ತೆಗೆದುಕೊಳ್ಳಬಹುದು. ಮೂರನೇ ಕ್ಲಾಸಿನವರಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ.

ಮೊಟ್ಟೆಯ ವಿಷಯ ಬೇರೆ. ಆ ಹುಡುಗಿ ಬಹುಶಃ ಸಿರೋ ಮಲಬಾರ್ ಮನೆಯವಳು. ವೆಳ್ಳರಿಕುಂಡ್, ಮಾಲೋಂ ಕಡೆ ಅವರ ಇಗರ್ಜಿಗಳು ತುಂಬಾ ಇವೆ. ಅವರೂ ಕ್ಯಾಥೊಲಿಕರೇ, ಆದರೆ ಕ್ರಮ ಬೇರೆ. ಅವರಿಗೆ ಬೂದಿ ನಮಗಿಂತ ಎರಡು ದಿನ ಮೊದಲು, ಸೋಮವಾರವೇ. ಐವತ್ತು ನೋಂಬು ಅಂತಾರೆ. ಮಾಂಸದ ಜೊತೆ ಮೀನು, ಮೊಟ್ಟೆ, ಹಾಲು ಕೂಡ ಬಿಡುವುದು ಅವರಲ್ಲಿ ಹಳೆಯ ರೂಢಿ. ಇತ್ತ ಬೇಳ, ಕುಂಬಳೆ, ಮಂಜೇಶ್ವರದ ನಾವು ಮಂಗಳೂರು ಧರ್ಮಪ್ರಾಂತ್ಯದವರು, ಲ್ಯಾಟಿನ್ ಕ್ರಮದವರು. ನಮಗೆ ಮೊಟ್ಟೆ ಮಾಂಸದ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಅವಳ ಮನೆಗೆ ಒಂದು ಫೋನ್ ಮಾಡಿ. ಮನೆಯ ಕ್ರಮವೇ ಆಗಿದ್ದರೆ ಅವಳಿಗೆ ಬಾಳೆಹಣ್ಣು ಕೊಡಿ. ಅವಳನ್ನು ನೋಡಿ ಬಿಟ್ಟವರಿಗೆ ಮೊಟ್ಟೆ ಹಾಕಿ.

ಇನ್ನು ಮರ. ನಿಮ್ಮ ಸಿಸ್ಟರ್ ಹತ್ತಿರ ಹೋಗಿ ಒಂದೇ ಮಾತು ಕೇಳಿ: ಬೂದಿ ಬುಧವಾರ ಪೂಜೆಯಲ್ಲಿ ಓದಿದ ಶುಭಸಂದೇಶ ಯಾವುದು? ಮತ್ತಾಯನ 6ನೇ ಅಧ್ಯಾಯ. ದಾನ ಮಾಡುವಾಗ ಎಡಗೈಗೆ ಗೊತ್ತಾಗಬಾರದು. ಉಪವಾಸ ಮಾಡುವಾಗ ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಬೇಕು, ಜನರಿಗೆ ಕಾಣುವ ಹಾಗೆ ಮುಖ ಬಾಡಿಸಬಾರದು. ಅದನ್ನು ಬೆಳಿಗ್ಗೆ ಕೇಳಿಸಿಕೊಂಡ ಮಗು, ಮಧ್ಯಾಹ್ನ ತನ್ನ ತ್ಯಾಗಕ್ಕೆ ಹೆಸರು ಬರೆದು ಗೋಡೆಗೆ ಅಂಟಿಸಿದರೆ ಯಾವುದನ್ನು ನಂಬಬೇಕು? ಸಿಸ್ಟರ್‌ಗೆ ಇದು ಖಂಡಿತ ಅರ್ಥವಾಗುತ್ತದೆ. ಅವರು ಆ ಓದನ್ನು ನನಗಿಂತ ಜಾಸ್ತಿ ಸಲ ಕೇಳಿದವರು.

ನನ್ನ ಕ್ಲಾಸಿನಲ್ಲಿ ನಾನು ಹಟದಿಂದ ಪಾಲಿಸಿದ್ದು ಒಂದೇ. ಮಗು ಏನು ಬಿಟ್ಟರೂ ಅದು ಇನ್ನೊಬ್ಬರ ಕೈ ಸೇರಬೇಕು. ಸುಮ್ನೆ ಬಿಟ್ಟರೆ ಸಾಲದು. ಮಿಠಾಯಿ ಬಿಟ್ಟೆಯಾ, ಸರಿ, ಆ ದುಡ್ಡು ಎಲ್ಲಿ ಹೋಯಿತು? ಬುತ್ತಿ ಹಾಗೇ ವಾಪಸ್ ಬಂದರೆ ಅದು ತ್ಯಾಗ ಅಲ್ಲ, ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ ಮಾಡಿದ ಅಮ್ಮನ ಸಂಕಟ. ನಮ್ಮಲ್ಲಿ ಒಂದು ಡಬ್ಬ ಇಡುತ್ತಿದ್ದೆವು. ಇಷ್ಟ ಇದ್ದವರು ಮನೆಯಿಂದ ಒಂದು ಮುಷ್ಟಿ ಅಕ್ಕಿ ತಂದು ಹಾಕುವುದು. ಯಾರು ತಂದರು, ಯಾರು ತರಲಿಲ್ಲ ಅಂತ ಬರೆದಿಡುತ್ತಿರಲಿಲ್ಲ. ಕುಚ್ಚಲು, ಬೆಳ್ತಿಗೆ ಎಲ್ಲ ಒಂದರಲ್ಲೇ ಸೇರುತ್ತಿತ್ತು. ಬೇರೆ ಮಾಡುವ ಕೆಲಸವನ್ನೂ ಮಕ್ಕಳೇ ಮಾಡುತ್ತಿದ್ದರು, ಅದಕ್ಕೆ ಒಂದು ಪೀರಿಯಡ್ ಪೂರ್ತಿ ಹೋಗುತ್ತಿತ್ತು. ಅಕ್ಕಿ ಇಲ್ಲದ ಮನೆಯ ಮಗುವಿಗೆ ಬೇರೆ ಕೆಲಸ ಇತ್ತು. ಒಂದನೇ ಕ್ಲಾಸಿನವರಿಗೆ ನಲ್ಲಿ ತಿರುಗಿಸಿ ಕೈ ತೊಳೆಸುವುದು. ನನ್ನ ಕಣ್ಣಿಗೆ ಅಕ್ಕಿಗಿಂತ ಅದೇ ದೊಡ್ಡದಾಗಿತ್ತು.

ಬೂದಿ ಎಲ್ಲಿಂದ ಬರುತ್ತದೆ ಅಂತ ಒಂದು ದಿನ ಪಾಠವನ್ನೇ ಮಾಡಿ. ಹಿಂದಿನ ವರ್ಷ ಗರಿಗಳ ಭಾನುವಾರ ಆಶೀರ್ವದಿಸಿದ ಗರಿಗಳನ್ನು ಸುಟ್ಟು ಮಾಡುವುದು ಅದು. ನಾವು ಸಣ್ಣವರಿದ್ದಾಗ ಮನೆಯ ಶಿಲುಬೆಯ ಹಿಂದೆ ಸಿಕ್ಕಿಸಿಟ್ಟ ಹಳೆಯ ತೆಂಗಿನ ಗರಿಯನ್ನು ಇಗರ್ಜಿಗೆ ಕೊಟ್ಟು ಬರುತ್ತಿದ್ದೆವು. "ನಮ್ಮ ಮನೆಯ ಗರಿಯೂ ಇದರಲ್ಲಿದೆ" ಅಂತ ಹಣೆ ಮುಟ್ಟಿ ನೋಡಿಕೊಳ್ಳುತ್ತಿದ್ದೆವು. ಇಂಥದ್ದನ್ನು ಎಲ್ಲ ಮಕ್ಕಳೂ ಬಾಯಿ ಬಿಟ್ಟು ಕೇಳುತ್ತಾರೆ.

ಉತ್ತರ: ಮಂಜೇಶ್ವರದ ಒಬ್ಬ ಅಪ್ಪ

ನನ್ನ ಮಗಳೂ ಮೂರನೇ ಕ್ಲಾಸು. ನಮ್ಮ ಮುಸ್ಲಿಮರಲ್ಲೂ ಪ್ರಾಯಕ್ಕೆ ಬರುವವರೆಗೆ ನೋಂಬು ಕಡ್ಡಾಯ ಇಲ್ಲ. ಮಕ್ಕಳು ಆಸೆಗೆ ಹಿಡಿಯುತ್ತಾರೆ. ನಾವು ಶಾಲೆ ಇರುವ ದಿನ ಬೇಡ ಅಂತೇವೆ, ರಜೆಯ ದಿನ ಮಧ್ಯಾಹ್ನದ ತನಕ ಬಿಡುತ್ತೇವೆ. ಈ ಬಿಸಿಲಿಗೆ ನೀರಿಲ್ಲದೆ ಆಡಿದರೆ ತಲೆ ತಿರುಗುತ್ತದೆ. ನೀರು ಕುಡಿಯದ ಆ ಹುಡುಗಿಯ ಮನೆಯವರ ಹತ್ತಿರವೂ ಮಾತಾಡಿ, ಬೇಸರ ಮಾಡಿಕೊಳ್ಳುವುದಿಲ್ಲ. ಅವಳನ್ನು ಮಾತ್ರ ಎಲ್ಲರ ಎದುರು ಹೊಗಳಬೇಡಿ, ಗದರಲೂಬೇಡಿ. ಊಟದ ಹೊತ್ತಿಗೆ ಲೈಬ್ರರಿ ಪುಸ್ತಕ ಜೋಡಿಸುವ ಕೆಲಸ ಏನಾದರೂ ಕೊಟ್ಟರೆ ಒಳ್ಳೆಯದು.

ಉತ್ತರ: ಬದಿಯಡ್ಕದ ಪಿ.ಟಿ.ಎ. ಸದಸ್ಯ

ಒಂದು ಮಾತು ಸೇರಿಸುತ್ತೇನೆ. ನಿಮ್ಮದು ಏಯ್ಡೆಡ್ ಶಾಲೆ. ಸರ್ಕಾರದ ಅನುದಾನ ಪಡೆಯುವ ಶಾಲೆಯಲ್ಲಿ ಯಾವ ಮಗುವನ್ನೂ ಹೆತ್ತವರ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೆ ಅಥವಾ ಪ್ರಾರ್ಥನೆಗೆ ಕೂರಿಸುವ ಹಾಗಿಲ್ಲ. ಸಂವಿಧಾನದ 28(3)ನೇ ವಿಧಿ ಅದು. ಹಿಂದೂ ಮಕ್ಕಳು ತಾವಾಗಿಯೇ ಎಲೆ ಕೇಳಿದರೂ, ಮರ ತಪಸ್ಸು ಕಾಲದ್ದೇ ಆಗಿದ್ದರೆ ಮನೆಯಲ್ಲಿ ಕೇಳಿಯೇ ಕೊಡಿ. ಅಕ್ಕಿ ಡಬ್ಬ, ಕೈ ತೊಳೆಸುವುದು ಎಲ್ಲರಿಗೂ ಆಗುತ್ತದೆ. ಅದರಲ್ಲಿ ಪೂಜೆ ಏನೂ ಇಲ್ಲ ಅಲ್ವಾ.

ಕುಂಬಳೆ ಕಡೆಯ ಟೀಚರ್

ಎಲ್ಲರಿಗೂ ಧನ್ಯವಾದ. ಇವತ್ತು ಸಿಸ್ಟರ್ ಹತ್ತಿರ ಮಾತಾಡಿದೆ. ಬೇಳದ ಟೀಚರ್ ಹೇಳಿದ ಹಾಗೇ ಮತ್ತಾಯನ 6ನೇ ಅಧ್ಯಾಯದ ವಿಷಯ ತೆಗೆದೆ. ಅವರು ಸ್ವಲ್ಪ ಹೊತ್ತು ಮರವನ್ನೇ ನೋಡಿದರು. ಆಮೇಲೆ ತಾವೇ ಹೆಸರಿದ್ದ ಎಲೆಗಳನ್ನು ಕಿತ್ತರು. ಮರ ಇರಲಿ, ಹೆಸರು ಬೇಡ, ಊಟದ ವಿಷಯವಂತೂ ಬೇಡವೇ ಬೇಡ ಅಂದರು. ಹುಡುಗ ಇವತ್ತು ಎರಡು ಸಲ ಅನ್ನ ಹಾಕಿಸಿಕೊಂಡ. ಅವನ ಅಮ್ಮನಿಗೂ ಹೇಳಿದ್ದೇನೆ.

ಅಕ್ಕಿ ಡಬ್ಬ ನಾಳೆಯಿಂದ. ಒಂದು ಅನುಮಾನ. ತೀರಾ ಕಷ್ಟದಲ್ಲಿರುವ ಒಂದು ಮನೆ ನನಗೆ ಗೊತ್ತು, ಆದರೆ ಅವರ ಮಗು ನಮ್ಮ ಶಾಲೆಯಲ್ಲೇ ಇದೆ. ಕೊಟ್ಟರೆ ಮಗುವಿಗೆ ನಾಚಿಕೆ ಆಗುವುದಿಲ್ಲವಾ?

ಬೇಳ ಕಡೆಯ ನಿವೃತ್ತ ಟೀಚರ್

ಆಗುತ್ತದೆ. ಶಾಲೆಯಿಂದ ನೇರವಾಗಿ ಕೊಡಬೇಡಿ. ಇಗರ್ಜಿಯಲ್ಲಿ ವಿನ್ಸೆಂಟ್ ಡಿ ಪಾವ್ಲ್ ಸಭೆಯವರು ಇದ್ದರೆ ಅವರಿಗೆ ಒಪ್ಪಿಸಿ. ಮನೆಮನೆಗೆ ಹೋಗಿ ಸದ್ದಿಲ್ಲದೆ ಕೊಡುವುದೇ ಅವರ ಕೆಲಸ, ಜಾತಿ ಧರ್ಮ ನೋಡುವುದಿಲ್ಲ. ನಿಮಗೆ ಗೊತ್ತಿರುವ ಮನೆಯ ಹೆಸರನ್ನು ಅವರ ಕಿವಿಗೆ ಮಾತ್ರ ಹಾಕಿ. ಮಕ್ಕಳಿಗೆ "ಒಂದು ಮನೆಗೆ ಹೋಯಿತು" ಅಂದರೆ ಸಾಕು.

ಪಾಸ್ಕ ಹಬ್ಬ ಏಪ್ರಿಲ್ 5ಕ್ಕೆ, ಅಷ್ಟರಲ್ಲಿ ಶಾಲೆಗೆ ರಜೆ. ಆದ್ದರಿಂದ ಮಾರ್ಚ್ ಪರೀಕ್ಷೆಗೆ ಮೊದಲೇ ಡಬ್ಬ ಖಾಲಿ ಮಾಡಿ. ಅಲ್ಲಿಯ ತನಕ ಹುಳ ಹಿಡಿಯದ ಹಾಗೆ ಒಂದಿಷ್ಟು ಒಣಮೆಣಸು ಹಾಕಿಡಿ.