ಅಸಿಸ್ಟೆಂಟ್ ಸರ್ಜನ್: ಸಹಾಯಕನೂ ಅಲ್ಲ, ಶಸ್ತ್ರವೂ ಇಲ್ಲ

ಗೆಳೆಯರೇ,

ವಿಲಿಯಂ ಬ್ರೂಕ್ ಓಶಾನೆಸಿ ಬಗ್ಗೆ ಬರೆಯಲು ಕೂತು ಮೊದಲ ಸಾಲಿನಲ್ಲೇ, ಅವನ ಹುದ್ದೆಯ ಹೆಸರನ್ನು ಕನ್ನಡಕ್ಕೆ ತರಲಾಗದೆ, ಸಿಕ್ಕಿಬಿದ್ದಿದ್ದೇನೆ. ಐರ್ಲೆಂಡಿನ ಲಿಮರಿಕ್‌ನವನು. ಎಡಿನ್‌ಬರೋದಲ್ಲಿ 1829ರಲ್ಲಿ ಎಂ.ಡಿ. ಮುಗಿಸಿದ. 1833ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸೇರಿ ಬಂಗಾಳಕ್ಕೆ ಬಂದ. ಹುದ್ದೆ: ಅಸಿಸ್ಟೆಂಟ್ ಸರ್ಜನ್.

ಸುಮ್ನೆ 'ಸಹಾಯಕ ಶಸ್ತ್ರಚಿಕಿತ್ಸಕ' ಎಂದು ಬರೆದಿದ್ದೆ. ಓದಿದ ತಂಗಿ, "ಆಪರೇಷನ್ ಹೊತ್ತಲ್ಲಿ ಕತ್ತರಿ ಕೊಡ್ತಿದ್ನಾ?" ಎಂದಳು. ಅಲ್ಲವೇ ಅಲ್ಲ. ಕಂಪನಿಯ ದಂಡಿಗೆ, ಅಂದರೆ ಸೈನ್ಯಕ್ಕೆ, ಸೇರುವ ಡಾಕ್ಟರಿಗೆ ಅದು ಮೊದಲ ಮೆಟ್ಟಿಲು, ಅಷ್ಟೇ.

ಇನ್ನು ಶಸ್ತ್ರ? ಇವನ ಹೆಸರು ಉಳಿದಿರುವುದೇ ಬೇರೆ ಕೆಲಸಕ್ಕೆ. ಇಂಗ್ಲೆಂಡಿಗೆ ಕಾಲರಾ ಬಂದಾಗ ರೋಗಿಗಳ ರಕ್ತ ಪರೀಕ್ಷಿಸಿ, ಅದರಲ್ಲಿ ನೀರೂ ಉಪ್ಪೂ ಇಳಿದುಹೋಗಿವೆ ಎಂದು ತೋರಿಸಿದ. ರಕ್ತನಾಳಕ್ಕೇ ಅವನ್ನು ತುಂಬಬೇಕು ಎಂದ. 1832ರಲ್ಲಿ ಥಾಮಸ್ ಲಟ್ಟಾ ಎಂಬ ಡಾಕ್ಟರ್ ಹಾಗೆ ಮಾಡಿಯೂ ನೋಡಿದ. ನಾವು 'ಗ್ಲೂಕೋಸ್ ಹಾಕಿಸಿದ್ವಿ' ಅನ್ನುತ್ತೇವಲ್ಲ, ಬಾಟಲಿಯಲ್ಲಿ ಬರೀ ಉಪ್ಪುನೀರಿದ್ದರೂ, ಅದರ ಬೇರು ಇಲ್ಲಿದೆ. (ಆ ಪದದ ಜಗಳ ಇನ್ನೊಂದು ದಿನಕ್ಕಿರಲಿ.)

ಆಮೇಲೆ 1835ರಲ್ಲಿ ಶುರುವಾದ ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರೊಫೆಸರ್. 1839ರಲ್ಲಿ ಗಾಂಜಾ ಮೇಲೆ ಲೇಖನ ಬರೆದ. ಮೊದಲು ನಾಯಿಗಳಿಗೆ ಕೊಟ್ಟು ಅವು ತೂಕಡಿಸುವುದನ್ನು ಕೂತು ನೋಡಿದ, ಆಮೇಲೆ ಧನುರ್ವಾಯು ರೋಗಿಗಳಿಗೆ ಕೊಟ್ಟ. ಭಂಗಿ, ಗಾಂಜಾ, ಚರಸ್ ಯಾವುದು ಯಾವುದೆಂದು ಬಜಾರಿನ ಹೆಸರಿನಲ್ಲೇ ಬಿಡಿಸಿ ಹೇಳಿದ. ಕೊನೆಗೆ ಟೆಲಿಗ್ರಾಫ್ ತಂತಿ ಎಳೆಸಿ 1856ರಲ್ಲಿ 'ಸರ್' ಆದ!

ನಮ್ಮಲ್ಲೂ ಈ ಗೊಂದಲ ಇದೆ ನೋಡಿ. ಜಿಲ್ಲಾಸ್ಪತ್ರೆಯ ಮುಖ್ಯಸ್ಥರ ಬಾಗಿಲ ಮೇಲೆ 'ಜಿಲ್ಲಾ ಶಸ್ತ್ರಚಿಕಿತ್ಸಕರು' ಎಂಬ ಬೋರ್ಡು. ಒಳಗಿರುವವರು ಮಕ್ಕಳ ಡಾಕ್ಟರೂ ಆಗಿರಬಹುದು. 'ಸರ್ಜನ್' ಪದದ ಗ್ರೀಕ್ ಮೂಲದಲ್ಲಿ ಇರುವುದು 'ಕೈಗೆಲಸ' ಮಾತ್ರ. ಶಸ್ತ್ರ ಕೊಟ್ಟವರು ನಾವೇ.

'ದಂಡಿನ ಡಾಕ್ಟರು' ಎಂದರೆ ಹೇಗೆ? ನನ್ನ ಕಿವಿಗೆ ಹಿತವಾಗಿದೆ. ಆದರೆ ಬೆಂಗಳೂರಿನವರಿಗೆ ದಂಡು ಅಂದರೆ ಕಂಟೋನ್ಮೆಂಟ್ ಸ್ಟೇಷನ್ನೇ ಜಾಸ್ತಿ ನೆನಪಾಗುತ್ತೆ, ಅಲ್ವಾ? ಮೆಟ್ಟಿಲು ಚಿಕ್ಕದು ಅನ್ನುವುದೂ ಅದರಲ್ಲಿ ಬರುವುದಿಲ್ಲ. 'ಕಿರಿಯ ದಂಡುವೈದ್ಯ' ತೀರಾ ಕಟ್ಟಿದ ಹಾಗಿದೆ. ನಿಮ್ಮ ಮನೆಯ ಹಿರಿಯರು ಪಲ್ಟನ್ನಿನ ಡಾಕ್ಟರನ್ನು ಏನೆಂದು ಕರೆಯುತ್ತಿದ್ದರು?