ಪರ್ಫಾರ್ಮೆನ್ಸ್‌ಗೆ ಯಾವ ಪದ? ‘ನಿರ್ವಹಣೆ’ಯಲ್ಲಿ ಸಿಕ್ಕಿಕೊಂಡಿದ್ದೇನೆ

ಎಲ್ಲರಿಗೂ ನಮಸ್ಕಾರ. ಕಂಪನಿಯ ಕೆಲಸ ಹೇಗಾಯಿತು ಅನ್ನುವ ಅರ್ಥದ ‘ಪರ್ಫಾರ್ಮೆನ್ಸ್’ಗೆ ಒಂದು ಕನ್ನಡ ಪದಕ್ಕಾಗಿ ಹದಿನೈದು ದಿನದಿಂದ ಒದ್ದಾಡುತ್ತಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಹೊಳೆದೀತು ಅಂತ ಕೇಳುತ್ತಿದ್ದೇನೆ.

ನಾನು ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ಕಂಪನಿಯಲ್ಲಿ ಲೆಕ್ಕ ನೋಡಿಕೊಳ್ಳುವವನು. ಇಷ್ಟು ವರ್ಷ ಚೆರ್ರಿ, ಅಂದರೆ ಕಾಫಿ ಹಣ್ಣನ್ನು, ಸಿಪ್ಪೆ ಸಮೇತ ಒಣಗಿಸಿ ಮೂಟೆಯಲ್ಲಿ ಮಾರುತ್ತಿದ್ದೆವು. ಈಗ ನಾವೇ ಹುರಿದು, ಪುಡಿ ಮಾಡಿ, ಪ್ಯಾಕೆಟ್ ಮಾರಬೇಕು ಅಂತ ಹೊರಟಿದ್ದೇವೆ. ಅದಕ್ಕಾಗಿ ಬೆಂಗಳೂರಿನಿಂದ ಒಬ್ಬ ಸಲಹೆಗಾರರು ಬಂದು ನಲವತ್ತು ಸ್ಲೈಡ್ ತೋರಿಸಿ ಹೋದರು. ಅವರ ಜೀಪು ಗೇಟು ದಾಟಿದ್ದೇ ತಡ, ಮ್ಯಾನೇಜರು ನನ್ನ ಕಡೆ ತಿರುಗಿ, “ಇದನ್ನ ಕನ್ನಡದಲ್ಲಿ ಎಂಟು ಪುಟಕ್ಕೆ ಇಳಿಸಿ, ಎಲ್ಲರಿಗೂ ಹಂಚೋಣ” ಅಂದರು. ಆಫೀಸಿನಲ್ಲಿ ಕನ್ನಡ ಪುಸ್ತಕ ಓದುತ್ತಾ ಸಿಕ್ಕಿಬಿದ್ದವನು ನಾನೊಬ್ಬನೇ.

ತೊಂದರೆ ಶುರುವಾಗಿದ್ದು ತಲೆಬರಹದಲ್ಲೇ. ಚೇಂಜ್ ಮ್ಯಾನೇಜ್‌ಮೆಂಟ್, ಪರ್ಫಾರ್ಮೆನ್ಸ್ ಮೆಷರ್‌ಮೆಂಟ್. ಮ್ಯಾನೇಜ್‌ಮೆಂಟ್‌ಗೆ ನಿರ್ವಹಣೆ. ಪರ್ಫಾರ್ಮೆನ್ಸ್‌ಗೂ ನಿರ್ವಹಣೆ, ಜಾಸ್ತಿ ಅಂದರೆ ಕಾರ್ಯನಿರ್ವಹಣೆ. ಹಾಗಾಗಿ ‘ಬದಲಾವಣೆಯ ನಿರ್ವಹಣೆ ಮತ್ತು ನಿರ್ವಹಣೆಯ ಮಾಪನ’ ಅಂತಾಯಿತು. ಮೂರನೇ ಪುಟದಲ್ಲಿ ಪರ್ಫಾರ್ಮೆನ್ಸ್ ಮ್ಯಾನೇಜ್‌ಮೆಂಟ್ ಬಂತು. ‘ನಿರ್ವಹಣೆಯ ನಿರ್ವಹಣೆ’ ಅಂತ ಬರೆದು ಪೆನ್ನು ಕೆಳಗಿಟ್ಟೆ.

ಒಂದು ಪದಕ್ಕೆ ಎರಡು ಅರ್ಥ ಇರಬಾರದು ಅಂತ ನಾನು ಹೇಳುತ್ತಿಲ್ಲ. ನಮ್ಮಲ್ಲಿ ಮಳೆಗೂ ಸೆಂಟು (ಇಂಚಿನ ನೂರನೇ ಭಾಗ), ಜಾಗಕ್ಕೂ ಸೆಂಟು (ಎಕರೆಯ ನೂರನೇ ಭಾಗ). “ನಿಮ್ಮಲ್ಲಿ ಎಷ್ಟು ಬಿತ್ತು?” ಅಂದರೆ “ಒಂದಿಂಚು ಇಪ್ಪತ್ತು ಸೆಂಟು” ಅನ್ನುತ್ತಾರೆ. ಅದು ಜಮೀನು ಅಂತ ಯಾರೂ ತಿಳಿಯುವುದಿಲ್ಲ. ಆದರೆ ಎರಡು ಅರ್ಥವೂ ಒಂದೇ ಸಾಲಿನಲ್ಲಿ ಕೂತರೆ ಕಷ್ಟ, ಅಲ್ವಾ?

ಬೇರೆ ಪದ ನೋಡಿದೆ. ಕಾರ್ಯಕ್ಷಮತೆ ಎಲ್ಲರೂ ಬಳಸುತ್ತಾರೆ, ಸರ್ಕಾರಿ ಕಾಗದದಲ್ಲೂ ಇದೆ. ಆದರೆ ಕ್ಷಮತೆ ಅಂದರೆ ಆಗಬಲ್ಲದ್ದು, ಆದದ್ದಲ್ಲ. ಸಿಪ್ಪೆ ಬಿಡಿಸುವ ನಮ್ಮ ಹಲ್ಲರ್ ಮಿಷನ್ನಿಗೆ ಕ್ಷಮತೆ ಬೇಕಾದಷ್ಟಿದೆ. ಮಳೆಗಾಲದಲ್ಲಿ ಎರಡು ದಿನ ಕರೆಂಟೇ ಇಲ್ಲದಿದ್ದರೆ ಅದು ಒಂದು ಮೂಟೆಯನ್ನೂ ಮಾಡುವುದಿಲ್ಲ. ಸಾಧನೆ ಅನ್ನೋಣ ಅಂದರೆ ಅದು ಮೊದಲೇ ಹಾರ ಹಾಕಿಕೊಂಡು ಬಂದಿರುವ ಪದ. ಪತ್ರಿಕೆಗಳಲ್ಲಿ ‘ಕಳಪೆ ಸಾಧನೆ’ ಅಂತ ಓದಿದಾಗೆಲ್ಲ ನನಗೆ ನಗು ಬರುತ್ತದೆ. ಪ್ರದರ್ಶನ ಕ್ರಿಕೆಟ್ಟಿಗೆ ಇರಲಿ.

ಆತುರಕ್ಕೆ ಒಂದು ಚೀಟಿ ಅಂಟಿಸಿದ್ದೆವು: ‘ಮುಂದಿನ ತಿಂಗಳಿನಿಂದ ಕಾರ್ಯನಿರ್ವಹಣೆಯ ಮೌಲ್ಯಮಾಪನ ಇರುತ್ತದೆ’. ಪ್ಯಾಕಿಂಗಿನ ಹುಡುಗಿಯೊಬ್ಬಳು ಬಂದು, “ಸಾರ್, ನಮಗೆಲ್ಲ ಪರೀಕ್ಷೆ ಇದೆಯಾ?” ಅಂದಳು. ಅವಳ ತಪ್ಪಲ್ಲ. ನಮ್ಮ ಮಕ್ಕಳಿಗೆ ಮೌಲ್ಯಮಾಪನ ಅಂದರೆ ಎಸ್ಸೆಸ್ಸೆಲ್ಸಿ ಪೇಪರ್ ತಿದ್ದುವುದು. ಅದೇ ಚೀಟಿಯಲ್ಲಿ ‘ಬದಲಾವಣೆ’ ಅಂತಲೂ ಇತ್ತು. ಮೇಸ್ತ್ರಿಯ ಚಿಂತೆ ಬೇರೆ: “ಬದಲಾವಣೆ ಅಂದ್ರೆ ನಮ್ಮನ್ನ ಬೇರೆ ತೋಟಕ್ಕೆ ಹಾಕ್ತೀರಾ ಸಾರ್?”

ಅವರನ್ನು ಕೂರಿಸಿ ಬಾಯಲ್ಲೇ ವಿವರಿಸಿದೆ. ಎಷ್ಟು ಕೆಲಸ ಹಾಕಿದೆವು, ಅದರಿಂದ ಎಷ್ಟು ಸರಿಯಾದ ಮಾಲು ಬಂತು, ಎಷ್ಟು ಹಾಳಾಯಿತು, ತಿಂಗಳು ತಿಂಗಳು ಬರೆದಿಡುತ್ತೇವೆ ಅಂದೆ. ಮೇಸ್ತ್ರಿ ಕೂಡಲೇ ಅಂದರು: “ಅಂದ್ರೆ ನಮ್ಮ ಓಟಿ ನೋಡ್ತೀರಿ. ಅಷ್ಟೇ ತಾನೇ?”

ಹೊರಗಿನವರಿಗೆ ಈ ಓಟಿ ಏನು ಅಂತ ಹೇಳಬೇಕು. ಔಟ್‌ಟರ್ನ್. ಕಾಫಿ ಮಾರಲು ಹೋದಾಗ ವ್ಯಾಪಾರಿ ಮೂಟೆಯಿಂದ ಒಂದಿಷ್ಟು ಚೆರ್ರಿ ತೆಗೆದು, ತೂಗಿ, ಸಿಪ್ಪೆ ಬಿಡಿಸಿ, ಬೀಜವನ್ನು ಮತ್ತೆ ತೂಗುತ್ತಾನೆ. 50 ಕೆ.ಜಿ. ಮೂಟೆಗೆ 27 ಕೆ.ಜಿ. ಬೀಜದ ಲೆಕ್ಕ ಬಂದರೆ ಓಟಿ 27. ರೇಟು ನಿಲ್ಲುವುದು ಅದರ ಮೇಲೆ. ಮೂಟೆ ಎಷ್ಟು ದಪ್ಪ ಕಾಣುತ್ತದೆ ಅನ್ನುವುದು ಲೆಕ್ಕಕ್ಕಿಲ್ಲ. ಕಿಲೋ ಲೆಕ್ಕದಲ್ಲಿ ಕೂಲಿ ಕೊಟ್ಟಾಗ ಹಣ್ಣಿನ ಜೊತೆ ಹಸಿರು ಕಾಯಿಯನ್ನೂ ಗೀರಿ ಚೀಲಕ್ಕೆ ಹಾಕುತ್ತಾರೆ. ಸಂಜೆ ತಕ್ಕಡಿ ಖುಷಿಯಾಗಿರುತ್ತದೆ. ಆದರೆ ಕಾಯಿ ಒಣಗಿದ ಮೇಲೆ ಒಳಗೆ ಜೊಳ್ಳು, ಓಟಿ ಬಿದ್ದಿರುತ್ತದೆ. ಆ ಸಲಹೆಗಾರರು ಆರು ಸ್ಲೈಡಿನಲ್ಲಿ ಹೇಳಿದ್ದು ಇದನ್ನೇ: ತಪ್ಪು ಅಳತೆ ಇಟ್ಟರೆ ತಪ್ಪು ಕೆಲಸ ಆಗುತ್ತದೆ.

ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಹೊಂದುವ ಪದ ಈ ಓಟಿ. ಆಗಬಲ್ಲದ್ದನ್ನಲ್ಲ, ಆದದ್ದನ್ನೇ ಹೇಳುತ್ತದೆ. ನನಗೆ ಬೇಕಾಗಿದ್ದೂ ಅದೇ. ಖುಷಿಯಿಂದ ‘ಕಂಪನಿಯ ಓಟಿ’ ಅಂತ ಬರೆದೆ. ಪ್ಯಾಕಿಂಗಿನವರು ಓದಿ, “ಓವರ್‌ಟೈಮಿಗೆ ಎಷ್ಟು ಕೊಡ್ತಾರೆ ಸಾರ್?” ಅಂದರು. ಅಲ್ಲಿಗೆ ಅದೂ ಮುಗಿಯಿತು.

ಇನ್ನು ಕೆಲವು ಪದಗಳು. ಕೆಪಿಐಗೆ (ಕೀ ಪರ್ಫಾರ್ಮೆನ್ಸ್ ಇಂಡಿಕೇಟರ್) ‘ಪ್ರಮುಖ ಕಾರ್ಯನಿರ್ವಹಣಾ ಸೂಚ್ಯಂಕ’ ಅಂತ ನೋಡಿದೆ. ಸೂಚ್ಯಂಕ ಶೇರುಪೇಟೆಯದ್ದು, ಬೆಲೆಯೇರಿಕೆಯದ್ದು. ಹಲವು ಸಂಖ್ಯೆ ಸೇರಿಸಿ ಮಾಡಿದ ಒಂದು ಅಂಕಿ. ಇಲ್ಲಿ ಬೇಕಿರುವುದು ಸುಮ್ನೆ ಒಂದು ಗುರುತು. “ಸರಿ ನಡೀತಿದೆ ಅನ್ನೋದಕ್ಕೆ ಏನು ಗುರುತು?” ಅಂತ ಕೇಳುತ್ತೇವಲ್ಲ, ಆ ಗುರುತು. ‘ಮುಖ್ಯ ಗುರುತುಗಳು’ ಅಂತ ಹಾಕಿದ್ದೇನೆ, ಬೈಯಬೇಡಿ. 1992ರಲ್ಲಿ ಕಪ್ಲಾನ್ ಮತ್ತು ನಾರ್ಟನ್ ಅನ್ನುವ ಮ್ಯಾನೇಜ್‌ಮೆಂಟ್ ಪಂಡಿತರು ಕೊಟ್ಟ ಬ್ಯಾಲೆನ್ಸ್ಡ್ ಸ್ಕೋರ್‌ಕಾರ್ಡಿಗೆ ‘ಸಮತೋಲಿತ ಅಂಕಪಟ್ಟಿ’ ಅಂದರೆ ಮತ್ತೆ ಪರೀಕ್ಷೆ ಬಂದಂತೆ. ಹಣ, ಗಿರಾಕಿ, ಒಳಗಿನ ಕೆಲಸ, ಕಲಿಕೆ ಅಂತ ನಾಲ್ಕು ಕಡೆಯಿಂದ ಕಂಪನಿಯನ್ನು ನೋಡುವುದು ಅದು. ‘ನಾಲ್ಕು ಕಡೆಯ ಲೆಕ್ಕ’ ಅಂದುಬಿಟ್ಟೆ.

ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ 1947ರಲ್ಲಿ ಹೇಳಿದ ಬದಲಾವಣೆಯ ಮೂರು ಹಂತಕ್ಕೆ ಸ್ಲೈಡಿನಲ್ಲಿ ಐಸ್ ಗಡ್ಡೆಯ ಚಿತ್ರ ಇತ್ತು. ಕರಗಿಸು, ಬದಲಿಸು, ಹೆಪ್ಪುಗಟ್ಟಿಸು. ಹೆಪ್ಪು ಅಂದರೆ ನಮಗೆ ಮೊಸರು. ಅದನ್ನು ಬಿಟ್ಟು ಕಾಫಿ ಗಿಡ ನೆಡುವ ಮಾತು ಹಾಕಿದೆ: ಮಣ್ಣು ಸಡಿಲಿಸು, ಗಿಡ ನೆಡು, ಮಣ್ಣು ತುಳಿದು ಗಟ್ಟಿ ಮಾಡು. ಇದನ್ನು ಮಾತ್ರ ಯಾರೂ ಪ್ರಶ್ನೆ ಮಾಡಲಿಲ್ಲ.

ಬದಲಾವಣೆ ಅನ್ನುವ ನಾಮಪದವೇ ನಮ್ಮ ಮಾತಿನಲ್ಲಿ ಕಡಿಮೆಯೋ ಏನೋ. ಕಾಫಿ ಬೆಳೆಗಾರರು ಕಂಡ ದೊಡ್ಡ ಬದಲಾವಣೆ ಅಂದರೆ ಕಾಫಿ ಮಂಡಳಿಯ ಪೂಲ್ ಪದ್ಧತಿ ನಿಂತದ್ದು. ಬೆಳೆದದ್ದನ್ನೆಲ್ಲ ಮಂಡಳಿಗೇ ಕೊಡಬೇಕಿದ್ದ ಕಾಲ 1996ರ ಹೊತ್ತಿಗೆ ಪೂರ್ತಿ ಮುಗಿಯಿತು. ಹಿರಿಯರು ಅದನ್ನು ಹೇಳುವುದು “ಪೂಲ್ ಹೋಯ್ತು, ಓಪನ್ ಬಂತು” ಅಂತ. ಓಪನ್ ಅಂದರೆ ಮುಕ್ತ ಮಾರುಕಟ್ಟೆ. ಹೋಯ್ತು, ಬಂತು. ಅದಕ್ಕೇ ತಲೆಬರಹವನ್ನೂ ಕ್ರಿಯಾಪದದಲ್ಲಿ ಬರೆದು ನೋಡಿದೆ: ‘ಕೆಲಸ ಬದಲಾಗುತ್ತಿದೆ. ಹೇಗೆ ನಡೆದಿದೆ ಅಂತ ಅಳೆಯೋಣ.’ ಮ್ಯಾನೇಜರು, “ಚೆನ್ನಾಗಿದೆ, ಆದ್ರೆ ಕಂಪನಿ ಕಾಗದದ ಹಾಗೆ ಕಾಣಲ್ಲ” ಅಂದರು.

ಈಗ ಕೈಯಲ್ಲಿ ಉಳಿದಿರುವುದು ‘ಇಳುವರಿ’. ಬೆಳೆಗೆ ಎಲ್ಲರೂ ಬಳಸುತ್ತಾರೆ, ಜಾಸ್ತಿಗೂ ಕಡಿಮೆಗೂ ಹೊಂದುತ್ತದೆ. ಸಕ್ಕರೆ ಕಾರ್ಖಾನೆಯ ಸುದ್ದಿಗಳಲ್ಲಿ ‘ಶೇ 10.25 ಇಳುವರಿ’ ಅಂತ ಬರುತ್ತದಲ್ಲ, ಅದು ಕಬ್ಬಿನಿಂದ ಎಷ್ಟು ಸಕ್ಕರೆ ಇಳಿಯಿತು ಅನ್ನುವ ಲೆಕ್ಕ, ನಮ್ಮ ಓಟಿಯ ಹಾಗೇ. ಆದರೆ ‘ಕಂಪನಿಯ ಇಳುವರಿ’ ಅಂದರೆ ಬರೀ ಮಾಲು ನೆನಪಾಗುತ್ತದೆ. ಗಿರಾಕಿ ಮತ್ತೆ ಬಂದನಾ, ಹೊಸ ಹುಡುಗರು ಹುರಿಯುವುದು ಕಲಿತರಾ ಅನ್ನುವುದು ಅದರೊಳಗೆ ಕೂರುತ್ತದಾ? ನನ್ನ ಕಿವಿಗೆ ಅರ್ಧ ಕೂರುತ್ತದೆ.

ಮಂಡ್ಯ ಕಡೆಯ ಕಾರ್ಖಾನೆಗಳಲ್ಲಿ ಇರುವವರು, ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುವವರು, ಬ್ಯಾಂಕಿನವರು ಹೇಳಿ. ಈ ತಿಂಗಳು ಕೆಲಸ ಹೇಗಾಯಿತು ಅನ್ನುವುದಕ್ಕೆ ನಿಮ್ಮಲ್ಲಿ ಬಾಯಿಂದ ಬರುವ ಪದ ಯಾವುದು? ಸುತ್ತೋಲೆಯಲ್ಲಿ ಬರೆಯುವುದು ಬೇಡ, ಅದು ನನ್ನ ಹತ್ತಿರವೂ ಇದೆ. ಶುಕ್ರವಾರ ಗೋಣಿಕೊಪ್ಪಲಿಗೆ ಪ್ರಿಂಟಿಂಗಿಗೆ ಕೊಡಬೇಕು. ಮೊದಲ ಪುಟ ಇನ್ನೂ ಖಾಲಿ ಇದೆ.